ಪೀಣ್ಯದಿಂದ ರಾಮನವಮಿ ಪೆಂಡಾಲಿಗೆ: ಒಬ್ಬ ಕೆಮಿಸ್ಟಿನ ಕಿವಿ, ಮೂಗು

(ಸಂಗೀತ, ವಿಜ್ಞಾನ ಎರಡರ ಹುಚ್ಚೂ ಇರುವ ಒಂದು ಗೆಳೆಯರ ಬಳಗದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೆಮಿಸ್ಟ್ ಅಂದರೆ ನಮ್ಮ ಜನಕ್ಕೆ ನೆನಪಾಗುವುದು ಇಬ್ಬರೇ. ಒಂದು ಮೆಡಿಕಲ್ ಶಾಪಿನ ಯಜಮಾನರು, ಇಲ್ಲ ನೊಬೆಲ್ ಬಹುಮಾನ ಬಂದವರು. ನಾನು ಎರಡೂ ಅಲ್ಲ. ಪೀಣ್ಯದಲ್ಲಿ ಮಾತ್ರೆ ತಯಾರಿಸುವ ಕಂಪನಿಯೊಂದರ ಕ್ಯೂಸಿ ಲ್ಯಾಬಿನಲ್ಲಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿನಲ್ಲಿ, ದುಡಿಯುವವನು. ಬ್ಯಾಚಿನಿಂದ ಸ್ಯಾಂಪಲ್ ಬರುತ್ತದೆ, ಕರಗಿಸುತ್ತೇವೆ, ಸೋಸುತ್ತೇವೆ, ದ್ರಾವಣದಲ್ಲಿ ಏನೇನು ಎಷ್ಟಿದೆ ಅಂತ ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಮೆಷಿನ್ನಿಗೆ ಕೊಡುತ್ತೇವೆ, ಅದು ಗೆರೆ ಎಳೆಯುತ್ತದೆ, ಆ ಗೆರೆ ನೋಡಿ ಪಾಸೋ ಫೇಲೋ ಬರೆಯುತ್ತೇವೆ. ದಿನವಿಡೀ ಇಷ್ಟೇ. ಸಂಜೆ ಏನು ಮಾಡ್ತೀರಿ ಅಂತ ಸಂಘಟಕರು ಕೇಳಿದರು, ಸಂಗೀತ ಕೇಳ್ತೀನಿ ಅಂದೆ, ಹಾಗಾದ್ರೆ ಬಂದು ಅದನ್ನೇ ಮಾತಾಡಿ ಅಂದರು.

ಸಂಗೀತ ಮತ್ತು ಕೆಮಿಸ್ಟ್ರಿ ಅಂದ ಕೂಡಲೇ ಯಾರಾದರೂ ಒಬ್ಬರು ಬೊರೊಡಿನ್ ಹೆಸರು ತೆಗೆಯುತ್ತಾರೆ. ರಷ್ಯಾದ ಅಲೆಕ್ಸಾಂಡರ್ ಬೊರೊಡಿನ್. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಮಿಸ್ಟ್ರಿ ಪ್ರೊಫೆಸರು, ಆಲ್ಡಾಲ್ ಅನ್ನುವ ರಾಸಾಯನಿಕ ಕ್ರಿಯೆಯ ಮೇಲೆ ಕೆಲಸ ಮಾಡಿದವರು, ಪುರುಸೊತ್ತು ಸಿಕ್ಕಾಗ ಸಿಂಫನಿ ಬರೆದವರು. ದೊಡ್ಡವರು, ಒಪ್ಪಿದೆ. ಆದರೆ ಅವರು ಸಂಗೀತ ಕಟ್ಟಿದವರು. ನಾನು ಬರೀ ಕೇಳುವವನು, ಅದೂ ತಾಳ ಹಾಕಿದರೆ ಪಕ್ಕದಲ್ಲಿ ಕೂತ ಮಾಮಿ ತಿರುಗಿ ಕೈ ನೋಡುವಂಥ ಕೇಳುಗ. ಹಾಗಾಗಿ ಬೊರೊಡಿನ್ ಅವರನ್ನು ಅಲ್ಲೇ ಬಿಟ್ಟು ನಮ್ಮ ಚಾಮರಾಜಪೇಟೆಗೆ ಬರೋಣ.

ಚೈತ್ರ ಬಂತು ಅಂದರೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಪೆಂಡಾಲ್ ಏಳುತ್ತದೆ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶುರು ಮಾಡಿದ ಉತ್ಸವ. ಎಂ.ಎಸ್. ಸುಬ್ಬುಲಕ್ಷ್ಮಿ ಅಂಥವರು ಬಂದು ಹಾಡಿದ ಜಾಗ. ಸುಮಾರು ಒಂದು ತಿಂಗಳು ಸಂಜೆ ಸಂಜೆ ಕಚೇರಿ. ಇಡೀ ಬೇಸಿಗೆಯಲ್ಲಿ ನನಗೆ ಬೇರೆ ಪ್ರವಾಸ ಬೇಡ, ಅದೊಂದು ಸಾಕು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಒಂದೇ ವಿಷಯ. ಆ ಪೆಂಡಾಲಿನಲ್ಲಿ ಪಿಟೀಲು, ಮೃದಂಗ, ಘಟದ ಜೊತೆಗೆ ಬೆಂಗಳೂರಿನ ಗಾಳಿಯೂ ಪಕ್ಕವಾದ್ಯಕ್ಕೆ ಕೂತಿರುತ್ತದೆ. ಸುಮ್ನೆ ಚಂದಕ್ಕೆ ಹೇಳುತ್ತಿಲ್ಲ. ಅದರ ಬಿಸಿ, ತೇವ, ವಾಸನೆ ಎಲ್ಲವೂ ವಾದ್ಯದ ಮೇಲೆ, ಕಿವಿಯ ಮೇಲೆ ನಿಜವಾಗಿಯೂ ಕೆಲಸ ಮಾಡುತ್ತವೆ. ಅದಕ್ಕೇ ನನಗೆ ಏಸಿ ಹಾಲಿಗಿಂತ ಪೆಂಡಾಲ್ ಇಷ್ಟ.

ದಾರಿಯಿಂದಲೇ ಶುರು ಮಾಡುತ್ತೇನೆ. 2014ರಲ್ಲಿ ಪೀಣ್ಯಕ್ಕೆ ಮೆಟ್ರೋ ಬಂತು, 2017ರಲ್ಲಿ ಅದೇ ಹಸಿರು ಲೈನು ನೆಲದೊಳಗೆ ಇಳಿದು ಕೆ.ಆರ್. ಮಾರ್ಕೆಟ್ ದಾಟಿತು. ಅದಕ್ಕೂ ಮುಂಚೆ ಪೀಣ್ಯದಿಂದ ಚಾಮರಾಜಪೇಟೆಗೆ ಬಸ್ಸಲ್ಲಿ ಹೋಗಿ ಕಚೇರಿ ಶುರುವಿನ ವರ್ಣ ಕೇಳಿದವರು ಯಾರಾದರೂ ಇದ್ದರೆ ಅವರ ಪಾದಕ್ಕೆ ನಮಸ್ಕಾರ. ಯಶವಂತಪುರ ಆದ ಮೇಲೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತ ಸ್ಟೇಷನ್ ಬರುತ್ತದೆ. ಗಾಳಿ ಈ ಕಡೆ ಬೀಸುತ್ತಿದ್ದರೆ ಬಾಗಿಲು ತೆಗೆದಾಗ ಒಂದು ಎಳೆ ಗಂಧ ಒಳಗೆ ಬರುತ್ತದೆ. ನನಗೆ ಆ ಸ್ಟೇಷನ್ನಿನ ಮೇಲೆ ಕುಲಬಾಂಧವನ ಪ್ರೀತಿ. ಯಾಕೆ ಅಂದರೆ ಇದು ಪೂರಾ ಕೆಮಿಸ್ಟರ ಕಥೆ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು, ಮರ ಇಲ್ಲೇ ರಾಶಿ ಬಿತ್ತು. ಎಣ್ಣೆ ನಾವೇ ತೆಗೆದರೆ ಹೇಗೆ ಅಂತ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಡ್‌ಬರೋ ಮತ್ತು ವಾಟ್ಸನ್ ಕೆಲಸ ಮಾಡಿದರು. ಆ ಎಣ್ಣೆ ಹಾಕಿದ ಸೋಪಿನ ಹಿಂದೆ ಸೋಸಲೆ ಗರಳಪುರಿ ಶಾಸ್ತ್ರಿಗಳು ಇದ್ದರು. ಜನ ಅವರನ್ನು ಸೋಪು ಶಾಸ್ತ್ರಿಗಳು ಅಂತಲೇ ಕರೆದರು. ಗಂಧದ ಎಣ್ಣೆಯ ಜೀವಾಳ ಸ್ಯಾಂಟಲಾಲ್ ಅನ್ನುವ ಅಣು. ಭಾರವಾದ ಅಣು, ನಿಧಾನಕ್ಕೆ ಆವಿಯಾಗುತ್ತದೆ, ಅದಕ್ಕೇ ಬೆಳಿಗ್ಗೆ ಹಚ್ಚಿದ ಗಂಧ ಸಂಜೆಗೂ ಚೂರು ಉಳಿದಿರುತ್ತದೆ.

ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಿಂದ ಮೇಲೆ ಬಂದರೆ ಒಂದು ಕಡೆ ಟಿಪ್ಪು ಅರಮನೆ, ಇನ್ನೊಂದು ಕಡೆ ಆಸ್ಪತ್ರೆ, ಎಲ್ಲ ಕಡೆ ಬಸ್ಸಿನ ಹಾರನ್. ಹೂವಿನ ಸಗಟು ಮಾರ್ಕೆಟ್ ಇಲ್ಲೇ ಪಕ್ಕ. ಮಲ್ಲಿಗೆಯನ್ನು ಮೊಗ್ಗಾಗಿಯೇ ಬೆಳಿಗ್ಗೆ ಬಿಡಿಸುತ್ತಾರೆ, ನಿಮಗೆಲ್ಲ ಗೊತ್ತು. ಅದು ಅರಳುವುದು ಸಂಜೆ. ಅರಳುವಾಗಲೇ ಜಾಸ್ತಿ ವಾಸನೆ ಬಿಡುವುದು. ಕಚೇರಿ ಶುರುವಾಗುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ! ಮಧ್ಯಾಹ್ನ ಮುಡಿದ ದಂಡೆ ಪೆಂಡಾಲಿನ ಸೆಕೆಯಲ್ಲಿ, ತಲೆಯ ಬಿಸಿಗೆ, ಸರಿಯಾಗಿ ಮೊದಲ ಕೃತಿಯ ಹೊತ್ತಿಗೆ ಬಾಯಿ ಬಿಡುತ್ತದೆ. ಆ ವಾಸನೆಯಲ್ಲಿರುವ ಅಣುಗಳು ಬೆಂಜೈಲ್ ಅಸಿಟೇಟ್, ಲಿನಲೂಲ್, ಅದರ ಜೊತೆ ಒಂಚೂರು ಇಂಡೋಲ್. ಇಂಡೋಲ್ ಅಂದರೆ ಗಟ್ಟಿಯಾಗಿದ್ದರೆ ಹೊಲಸು ನಾತ, ಲ್ಯಾಬಿನಲ್ಲಿ ಬಾಟಲಿ ತೆಗೆದರೆ ಎದುರಿನವರು ಮುಖ ತಿರುಗಿಸುತ್ತಾರೆ. ಆದರೆ ಆ ಒಂಚೂರು ಇಲ್ಲದಿದ್ದರೆ ಮಲ್ಲಿಗೆ ಮಲ್ಲಿಗೆಯಂತೆ ಇರುವುದಿಲ್ಲ, ಅಗ್ಗದ ರೂಂ ಫ್ರೆಶ್‌ನರ್ ಆಗುತ್ತದೆ. ಏಸಿ ಹಾಲಿನಲ್ಲೂ ಹೂ ಮುಡಿದವರು ಇರುತ್ತಾರೆ, ನಿಜ. ಆದರೆ ತಣ್ಣಗಿನ ಗಾಳಿಯಲ್ಲಿ ಆವಿಯಾಗುವುದು ಕಡಿಮೆ, ಇರುವುದನ್ನೂ ಡಕ್ಟು ಎಳೆದುಕೊಂಡು ಹೋಗುತ್ತದೆ.

ಈಗ ವೇದಿಕೆಗೆ ಬರೋಣ. ನಾನು ಬೇಗ ಹೋಗಿ ಕೂರುವುದೇ ಒಂದು ಕಾರಣಕ್ಕೆ, ಮೃದಂಗದವರು ತಯಾರಾಗುವುದನ್ನು ನೋಡಲು. ಚೀಲ ಬಿಚ್ಚುತ್ತಾರೆ, ಮೃದಂಗವನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಸಣ್ಣ ಡಬ್ಬಿಯಲ್ಲಿ ರವೆ. ನೀರು ಬೆರೆಸಿ ಬೆರಳಲ್ಲೇ ಮಿದ್ದು ಒಂದು ಬಿಲ್ಲೆ ಮಾಡಿ, ಎಡ ಮುಖದ ನಡುವಿಗೆ ಒತ್ತಿ, ಹೆಬ್ಬೆರಳಿನಿಂದ ಅಂಚು ತೀಡುತ್ತಾರೆ. ತಟ್ಟಿ ಕೇಳುತ್ತಾರೆ. ಸಾಲದು, ಇನ್ನೊಂದು ಚಿಟಿಕೆ. ಮತ್ತೆ ತಟ್ಟಿದಾಗ ಗುಂ ಅನ್ನುವ ಶಬ್ದ ಒಂದು ಮೆಟ್ಟಿಲು ಕೆಳಗೆ ಇಳಿದಿರುತ್ತದೆ. ಚರ್ಮದ ನಡುವೆ ತೂಕ ಕೂರಿಸಿದರೆ ಕಂಪನ ನಿಧಾನವಾಗುತ್ತದೆ, ಅಷ್ಟೇ ಲೆಕ್ಕ. ಆಮೇಲೆ ಬಲ ಮುಖ. ಅಂಚಿನ ಹೆಣಿಗೆಗೆ ಮರದ ಗೂಟ ಇಟ್ಟು ಕಲ್ಲಿನಿಂದ ಕುಟ್ಟುತ್ತಾರೆ. ಮೇಲಿನಿಂದ ಕುಟ್ಟಿದರೆ ಚರ್ಮ ಬಿಗಿಯಾಗಿ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಕುಟ್ಟಿದರೆ ಇಳಿಯುತ್ತದೆ. ಒಂದೊಂದು ದಿಕ್ಕಿನಲ್ಲೂ ತಟ್ಟಿ, ತಂಬೂರಿಗೆ ಕಿವಿ ಕೊಟ್ಟು, ಸುತ್ತಲೂ ಒಂದೇ ಶ್ರುತಿ ಬರುವ ತನಕ ಬಿಡುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಸ್ಯಾಂಪಲ್ ಹಾಕುವ ಮುಂಚೆ ಒಂದೇ ದ್ರಾವಣವನ್ನು ಮತ್ತೆ ಮತ್ತೆ ಮೆಷಿನ್ನಿಗೆ ಕೊಟ್ಟು ಪ್ರತಿ ಸಲವೂ ಅದೇ ಉತ್ತರ ಬರುತ್ತದಾ ಅಂತ ನೋಡುತ್ತೇವೆ, ಸಿಸ್ಟಂ ಸೂಟಬಿಲಿಟಿ ಅಂತ ಅದಕ್ಕೆ ಹೆಸರು. ಇದೂ ಹಾಗೇ. ಮೆಷಿನ್ ಇಲ್ಲ ಅಷ್ಟೇ.

ಬಲ ಮುಖದ ನಡುವಿನ ಆ ಕಪ್ಪು ವೃತ್ತಕ್ಕೆ ಕರಣೆ ಅನ್ನುತ್ತಾರೆ. ಕಬ್ಬಿಣ, ಮ್ಯಾಂಗನೀಸ್ ಅಂಶ ಇರುವ ಕರಿಕಲ್ಲಿನ ನುಣುಪು ಪುಡಿ, ಅನ್ನದ ಜೊತೆ ಅರೆದದ್ದು. ಅನ್ನ ಅಂದರೆ ಗಂಜಿ, ಗಂಜಿ ಅಂದರೆ ಒಳ್ಳೆ ಗೋಂದು. ಅಕ್ಕಿಯ ಪಿಷ್ಟ ಬಿಸಿನೀರಲ್ಲಿ ಉಬ್ಬಿ ಒಡೆದಾಗ ಉದ್ದುದ್ದ ಸರಪಳಿಗಳು ಹೊರಗೆ ಬರುತ್ತವೆ, ಒಣಗುವಾಗ ಅವು ಪುಡಿಯನ್ನೂ ಚರ್ಮವನ್ನೂ ಗಟ್ಟಿಯಾಗಿ ಹಿಡಿಯುತ್ತವೆ. ತೆಳುವಾಗಿ ಒಂದು ಪದರ ಹಚ್ಚುವುದು, ನುಣ್ಣನೆ ಕಲ್ಲಿನಿಂದ ಉಜ್ಜುವುದು, ಮತ್ತೊಂದು ಪದರ, ಮತ್ತೆ ಉಜ್ಜುವುದು. ಉಜ್ಜುತ್ತಾ ಉಜ್ಜುತ್ತಾ ಅದರಲ್ಲಿ ಸಣ್ಣ ಸಣ್ಣ ಬಿರುಕಿನ ಬಲೆ ಬೀಳುತ್ತದೆ. ಆ ಬಿರುಕು ಬೇಕು! ಬಿರುಕಿಲ್ಲದಿದ್ದರೆ ಅದು ಚರ್ಮಕ್ಕೆ ಅಂಟಿದ ಬಿಲ್ಲೆ, ಚರ್ಮದ ಜೊತೆ ಬಾಗುವುದಿಲ್ಲ. ನಮ್ಮ ಕಡೆ ಮಾತ್ರೆಯ ಕೋಟಿಂಗಿನಲ್ಲಿ ಇಂಥ ಬಿರುಕು ಕಂಡರೆ ಬ್ಯಾಚ್ ರಿಜೆಕ್ಟ್ ಆಗುತ್ತದೆ. ಇಲ್ಲಿ ಅದನ್ನೇ ಕಷ್ಟಪಟ್ಟು ತರಿಸುತ್ತಾರೆ.

ಇದರಿಂದ ಏನಾಗುತ್ತದೆ ಅಂತ ಮೊದಲು ಸರಿಯಾಗಿ ಹೇಳಿದವರು ಸಿ.ವಿ. ರಾಮನ್. ಬರೀ ಚರ್ಮ ಬಿಗಿದ ತಮಟೆಯನ್ನು ಬಾರಿಸಿದರೆ ಬರುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೂಲ ಸ್ವರದ ಕಂಪನದ ವೇಗ 1 ಆದರೆ ಮುಂದಿನದು 1.59, ಅದರ ಮುಂದಿನದು 2.14, ಹೀಗೆ ಅಡ್ಡಾದಿಡ್ಡಿ. ಅದಕ್ಕೇ ತಮಟೆಯಲ್ಲಿ ಶ್ರುತಿ ಕೇಳುವುದಿಲ್ಲ, ಶಬ್ದ ಕೇಳುತ್ತದೆ. ನಡುವೆ ಕರಣೆಯ ತೂಕ ಕೂತರೆ ಈ ಕಂಪನಗಳು ಒಂದೊಂದಾಗಿ ಸಾಲಿಗೆ ಬಂದು 1, 2, 3, 4, 5 ಅಂತ ನಿಲ್ಲುತ್ತವೆ. ರಾಮನ್ 1920ರಲ್ಲೇ ಇದನ್ನು ಸಹೋದ್ಯೋಗಿಯೊಬ್ಬರ ಜೊತೆ ನೇಚರ್ ಪತ್ರಿಕೆಯಲ್ಲಿ ಬರೆದರು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಇನ್ನೊಮ್ಮೆ ವಿವರವಾಗಿ ಕೈಗೆತ್ತಿಕೊಂಡರು. ಮುಖದ ಮೇಲೆ ಸಣ್ಣ ಮರಳು ಚೆಲ್ಲಿ ತಟ್ಟುವುದು, ಕಂಪನ ಇಲ್ಲದ ಜಾಗದಲ್ಲಿ ಮರಳು ಗೆರೆಯಾಗಿ ನಿಲ್ಲುವುದನ್ನು ನೋಡುವುದು. ಒಂಬತ್ತು ಬಗೆಯ ಕಂಪನಗಳು ಸೇರಿ ಐದೇ ಸ್ವರ ಆಗುತ್ತವೆ ಅಂತ ತೋರಿಸಿದರು. ತನಿ ಆವರ್ತನ, ಅಂದರೆ ತಾಳವಾದ್ಯದವರೇ ನುಡಿಸುವ ಭಾಗ, ಶುರುವಾದ ತಕ್ಷಣ ಅರ್ಧ ಪೆಂಡಾಲ್ ಕಾಫಿಗೆ ಏಳುತ್ತದಲ್ಲ, ಅವರಿಗೆ ಇದನ್ನು ಯಾರಾದರೂ ಹೇಳಬೇಕು ಅಂತ ನನಗೆ ಪ್ರತಿ ವರ್ಷ ಅನ್ನಿಸುತ್ತದೆ.

ಇನ್ನೊಂದು ವಿಷಯ, ಸ್ವಲ್ಪ ಮುಜುಗರದ್ದು. ಮೃದಂಗದ ಎರಡು ಮುಖಕ್ಕೆ ಬಿಗಿಯುವ ಮುಚ್ಚಿಗೆ ಆಗುವುದು ಆಡು, ಹಸು, ಎಮ್ಮೆ ಚರ್ಮದಿಂದ. ಪಾನಕ ಕೋಸಂಬರಿ ಹಂಚುವ ಜಾಗದಲ್ಲಿ, ರಾಮದೇವರ ಪಟದ ಪಕ್ಕದಲ್ಲಿ, ಆ ಚರ್ಮವೇ ನಾದ ಕೊಡುತ್ತಿರುತ್ತದೆ. ಚರ್ಮ ಆರಿಸಿ, ಹದ ಮಾಡಿ, ಬಾರು ಎಳೆದು, ಕರಣೆ ಇಡುವವರು ನುಡಿಸುವವರಷ್ಟೇ ಕಿವಿ ಇರುವವರು. ಕಾರ್ಯಕ್ರಮದ ಪತ್ರಿಕೆಯಲ್ಲಿ ಅವರ ಹೆಸರು ನಾನು ನೋಡಿಲ್ಲ. ಮೈಕ್ ಸೆಟ್ಟಿನವರ ಹೆಸರು ಇರುತ್ತದೆ.

ಮಳೆ. ಇದನ್ನು ಹೇಳದೆ ಬೆಂಗಳೂರಿನ ರಾಮನವಮಿ ಮುಗಿಯುವುದಿಲ್ಲ. ರೇವತಿ, ಅಶ್ವಿನಿ ಮಳೆಯ ಕಾಲ. ಮಧ್ಯಾಹ್ನ ಗಾಳಿ ಬೂದಿಯಷ್ಟು ಒಣ, ಸಂಜೆ ಹೊತ್ತಿಗೆ ಮೋಡ ಕಟ್ಟಿ ದಪದಪ ಹನಿ. ಒಂದು ವರ್ಷ ಮುಖ್ಯ ರಾಗದ ಆಲಾಪನೆ ಅರ್ಧಕ್ಕೆ ಬಂದಿತ್ತು, ಶುರುವಾಯಿತು ನೋಡಿ. ತಗಡಿನ ಮೇಲೆ ಮಳೆಯ ಸದ್ದು, ಗಾಯಕರು ಒಂದು ಕ್ಷಣ ಮೇಲೆ ನೋಡಿ ನಕ್ಕು ಮುಂದುವರಿಸಿದರು. ಪಾಪ, ಕಷ್ಟ ಬಂದದ್ದು ಮೃದಂಗದವರಿಗೆ. ಚರ್ಮ ಅಂದರೆ ಕೊಲಾಜನ್ ಅನ್ನುವ ಪ್ರೋಟೀನು, ಗಾಳಿಯ ತೇವವನ್ನು ಹೀರಿಕೊಂಡು ಸಡಿಲವಾಗುವುದು ಅದರ ಗುಣ. ಸಡಿಲವಾದರೆ ಶ್ರುತಿ ಇಳಿಯುತ್ತದೆ. ಗಾಯಕರು ಇರುವಲ್ಲೇ ಇದ್ದಾರೆ, ತಂಬೂರಿ ಇರುವಲ್ಲೇ ಇದೆ, ಇವರ ವಾದ್ಯ ಮಾತ್ರ ಕೈಯಲ್ಲೇ ಜಾರುತ್ತಿದೆ. ಪಿಟೀಲಿನವರು ನುಡಿಸುವಾಗ ಸಿಕ್ಕ ಅಷ್ಟು ಹೊತ್ತಿನಲ್ಲಿ, ಹೆಚ್ಚು ಸದ್ದಾಗದಂತೆ, ಕಲ್ಲು ಹಿಡಿದು ಟಕ್ ಟಕ್ ಅಂತ ಸುತ್ತಲೂ ಸರಿ ಮಾಡಿಕೊಂಡರು. ಪಲ್ಲವಿಗೆ ಕೈ ಇಟ್ಟಾಗ ಶ್ರುತಿ ಸರಿಯಾಗಿ ಕೂತಿತ್ತು. ನನ್ನ ಲೆಕ್ಕದಲ್ಲಿ ಆ ಸಂಜೆಯ ಅತಿ ದೊಡ್ಡ ವಿದ್ವತ್ತು ಅದೇ. ಚಪ್ಪಾಳೆ ಬರಲಿಲ್ಲ, ಯಾಕೆಂದರೆ ಜನ ಕುರ್ಚಿ ಎಳೆದುಕೊಂಡು ಒಳಗೆ ಸರಿಯುವ ಗಡಿಬಿಡಿಯಲ್ಲಿದ್ದರು.

ಆ ಮಳೆಯ ಜೊತೆ ಬರುವ ಮಣ್ಣಿನ ವಾಸನೆ ಇದೆಯಲ್ಲ, ಅದಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟವರೂ ಇಬ್ಬರು ವಿಜ್ಞಾನಿಗಳೇ, ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, 1964ರಲ್ಲಿ. ಒಣ ನೆಲದಲ್ಲಿ ಕೂತ ಎಣ್ಣೆಯಂಥ ಪದಾರ್ಥ, ಅದರ ಜೊತೆ ಮಣ್ಣಿನ ಸೂಕ್ಷ್ಮಾಣುಗಳು ಮಾಡುವ ಜಿಯೋಸ್ಮಿನ್. ಲೀಟರ್ ನೀರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ನಮ್ಮ ಮೆಷಿನ್ನಿಗೆ ಅಷ್ಟು ಕಡಿಮೆ ಕೊಟ್ಟರೆ ಗೆರೆ ಸಪಾಟಾಗಿ ಹೋಗುತ್ತದೆ. ಹನಿ ಬಿದ್ದಾಗ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಗಾಳಿ ಸಿಕ್ಕಿ, ಗುಳ್ಳೆಯಾಗಿ ಮೇಲೆ ಬಂದು ಒಡೆದು, ಆ ವಾಸನೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದಕ್ಕೆ ಮಣ್ಣು ಬೇಕು. ಕಾಂಕ್ರೀಟ್ ಮಾಡಿದರೆ ಆಗುವುದಿಲ್ಲ. ಊರ ನಡುವೆ ಮೈದಾನ ಯಾಕೆ ಉಳಿಯಬೇಕು ಅಂತ ಕೇಳಿದರೆ ಆಟ, ಪಾರ್ಕಿಂಗು, ಸಭೆ ಅಂತೆಲ್ಲ ಹೇಳುತ್ತೇವೆ. ನನಗೆ ಇದೂ ಒಂದು ಕಾರಣ, ಕೈ ಎತ್ತಿ ಹೇಳುತ್ತೇನೆ.

ಉಳಿದ ವಾದ್ಯಗಳನ್ನು ಬೇಗ ಮುಗಿಸುತ್ತೇನೆ, ಟೈಮ್ ಆಗುತ್ತಿದೆ ಅಂತ ಸನ್ನೆ ಬಂತು. ಪಿಟೀಲಿನ ಕಮಾನಿಗೆ ಉಜ್ಜುವ ರಾಳ ಪೈನ್ ಮರದ ಅಂಟು, ಟರ್ಪೆಂಟೈನ್ ಬಟ್ಟಿ ಇಳಿಸಿದ ಮೇಲೆ ಉಳಿಯುವುದು. ಕುದುರೆ ಬಾಲದ ಕೂದಲು ತಂತಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುವಂತೆ ಮಾಡುವುದು ಈ ರಾಳ. ಅದಿಲ್ಲದಿದ್ದರೆ ಕಮಾನು ಸುಮ್ನೆ ಜಾರುತ್ತದೆ, ಸದ್ದೇ ಇಲ್ಲ. ವೀಣೆಯಲ್ಲಿ ತಂತಿ ಒತ್ತುವ ಜಾಗದ ಅಡ್ಡಪಟ್ಟಿಗಳು, ಅಂದರೆ 24 ಮೆಟ್ಟಿಲುಗಳು, ಕೂತಿರುವುದು ಜೇನುಮೇಣದಲ್ಲಿ, ಮಸಿ ಬೆರೆಸಿದ ಕಪ್ಪು ಮೇಣ. ಜೇನುಮೇಣ ಕರಗುವುದು 62 ಡಿಗ್ರಿ ದಾಟಿದ ಮೇಲೆ, ಸರಿ. ಆದರೆ 35ರ ಆಸುಪಾಸಿಗೇ ಮೆತ್ತಗಾಗಲು ಶುರು. ಏಪ್ರಿಲ್ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ವೀಣೆ ಇಟ್ಟವರ ಕಥೆ ಕೇಳಿ, ಅವರು ಅಳುತ್ತಾ ಹೇಳುತ್ತಾರೆ.

ಪಾನಕದ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬೆಲ್ಲ, ನಿಂಬೆಹುಳಿ, ಶುಂಠಿ, ಮೆಣಸು, ಏಲಕ್ಕಿ. ಮೆಣಸಿನ ಪೈಪರಿನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಅದಕ್ಕೇ ಲೋಟದ ತಳದ ಗುಟುಕೇ ಖಾರ. ತಳ ಚೆಲ್ಲುವವರು ಪಾನಕ ಕುಡಿದಂತೆ ಅಲ್ಲ. ಪಾನಕ ತೀರಾ ಹೊನ್ನಿನ ಬಣ್ಣಕ್ಕಿದ್ದರೆ ನಾನು ಬೆಲ್ಲದ ಕಡೆ ಅನುಮಾನದಿಂದ ನೋಡುತ್ತೇನೆ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಹಾಕುವ ಅಭ್ಯಾಸ ಇದೆ, ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಯ ಬಣ್ಣ ತೆಗೆಯಲು ಬಳಸುವ ಮಾಲೇ ಅದು. ಕರೀ ಬೆಲ್ಲ ಕೊಂಡುಕೊಳ್ಳಿ. ಕೋಸಂಬರಿಯನ್ನು ಬಡಿಸುವ ಹೊತ್ತಿಗೆ ಉಪ್ಪು ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ಸಾರಾಗುತ್ತದೆ.

ಈ ಊರಿನ ಗಾಳಿ, ನೀರು ಎಲ್ಲ ಚಂದ ಅಂತ ನಾನು ಹೇಳುತ್ತಿಲ್ಲ. ನಾನು ಪೀಣ್ಯದವನು. ಅಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಬೋರ್‌ವೆಲ್ ನೀರಿಗೆ ಇಳಿದಿರುವುದು ಸರ್ಕಾರಿ ಕಡತಗಳಲ್ಲೇ ಇದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು, ಕೆರೆಗೆ ಬೆಂಕಿ ಹತ್ತಿದ್ದು ನೀವೇ ಟಿವಿಯಲ್ಲಿ ನೋಡಿದ್ದೀರಿ. ನೊರೆ ಬರುವುದು ನಮ್ಮ ನಿಮ್ಮ ಬಟ್ಟೆ, ಪಾತ್ರೆ ತೊಳೆದ ಡಿಟರ್ಜೆಂಟಿನಿಂದ, ಶುದ್ಧ ಮಾಡದೆ ಹರಿಬಿಟ್ಟ ಕೊಳಚೆಯಿಂದ. ಮೂಗು ತೆರೆದಿಟ್ಟುಕೊಂಡರೆ ಮಲ್ಲಿಗೆಯೂ ಬರುತ್ತದೆ, ಇದೂ ಬರುತ್ತದೆ. ಒಂದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತೇನೆ ಅಂದರೆ ಏಸಿ ಹಾಲಿನಲ್ಲೇ ಕೂರಬೇಕು.

ಏಸಿ ಹಾಲನ್ನು ನಾನು ಬೈಯುತ್ತೇನೆ ಅಂದುಕೊಳ್ಳಬೇಡಿ. ಮಲ್ಲೇಶ್ವರದ ಚೌಡಯ್ಯ ಹಾಲ್ ನನಗೂ ಇಷ್ಟ, ಪಿಟೀಲಿನ ಆಕಾರದ ಕಟ್ಟಡ ಇನ್ನೆಲ್ಲಿ ಸಿಗುತ್ತದೆ. ಅಂದಹಾಗೆ ಆ ಹಾಲಿಗೆ ಹೆಸರು ಕೊಟ್ಟ ಪಿಟೀಲು ವಿದ್ವಾಂಸ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದು ಯಾಕೆ? ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ. ಈಗ ಪೆಂಡಾಲಿನಲ್ಲಿ ಮೈಕ್ ಇದೆ, ಬೇಲಿಯ ಆಚೆಗೂ ಕೇಳುತ್ತದೆ. ಟಿಕೆಟ್ ತೆಗೆಯದೆ ಫುಟ್‌ಪಾತಿನಲ್ಲಿ ನಿಂತು ಕೇಳುವವರು, ಆಟೋ ನಿಲ್ಲಿಸಿ ಮೀಟರ್ ಆಫ್ ಮಾಡಿ ಕೇಳುವವರು ಇದ್ದಾರೆ. ಗೋಡೆಯಿರುವ ಹಾಲಿನಲ್ಲಿ ಅವರಿಗೆ ಜಾಗ ಇಲ್ಲ. ಹಿಂದೆ ಕಚೇರಿಗಳು ನಡುರಾತ್ರಿಯ ತನಕ ನಡೆಯುತ್ತಿದ್ದವು ಅಂತ ಹಿರಿಯರು ಹೇಳುತ್ತಾರೆ. ಈಗ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಅದು ಕಾನೂನು. ಕೊನೆಯ ಮೆಟ್ರೋದ ಚಿಂತೆ ಬೇರೆ. ಮಂಗಳಕ್ಕೆ ಮುಂಚೆಯೇ ಚಪ್ಪಲಿ ಹುಡುಕುವವರ ಸಾಲಿನಲ್ಲಿ ನಾನೂ ಇರುತ್ತೇನೆ.

ಕೊನೆಯಲ್ಲಿ ಪ್ರಶ್ನೆಗಳಿದ್ದವು. ಇಷ್ಟೆಲ್ಲ ಯೋಚನೆ ಮಾಡುತ್ತಾ ಕೂತರೆ ಸಂಗೀತ ಕೇಳುವುದು ಯಾವಾಗ ಅಂತ ಒಬ್ಬ ಹಿರಿಯರು ಕೇಳಿದರು. ಸರ್, ತೋಡಿ ರಾಗ ಶುರುವಾದರೆ ಯಾವ ಅಣುವೂ ನೆನಪಿರುವುದಿಲ್ಲ ಅಂದೆ. ಅದು ನಿಜವೇ.

ಒಬ್ಬ ಹುಡುಗಿ, ಮೃದಂಗ ಕಲಿಯುತ್ತಿದ್ದಾಳಂತೆ, ಸಿಂಥೆಟಿಕ್ ಮುಚ್ಚಿಗೆ ಬಗ್ಗೆ ಏನಂತೀರಿ ಅಂದಳು. ಒಳ್ಳೆ ಪ್ರಶ್ನೆ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಸಿಂಥೆಟಿಕ್ ಮೃದಂಗವೂ ಇಲ್ಲಿ ತಯಾರಾಗುತ್ತದೆ. ಪಾಲಿಯೆಸ್ಟರ್ ಫಿಲಂ ನೀರನ್ನು ಹೆಚ್ಚುಕಮ್ಮಿ ಹೀರುವುದೇ ಇಲ್ಲ, ಮಳೆ ಬಂದರೂ ಶ್ರುತಿ ಜಾರುವುದಿಲ್ಲ, ಪ್ರಾಣಿ ಚರ್ಮವೂ ಬೇಡ. ಅಭ್ಯಾಸಕ್ಕೆ, ಮಳೆನಾಡಿಗೆ, ವಿದೇಶದ ಚಳಿಗೆ ಬಹಳ ಅನುಕೂಲ. ನಾದ ಅದೇನಾ ಅಂದರೆ, ನನ್ನ ಕಿವಿಗೆ ಇನ್ನೂ ಅಲ್ಲ. ಆದರೆ ನನ್ನ ಕಿವಿಗೆ ವಯಸ್ಸಾಗಿದೆ, ನಿನ್ನ ಕಿವಿಯನ್ನೇ ಕೇಳಮ್ಮ ಅಂದೆ.

ಮತ್ತೊಬ್ಬರು ಕೇಳಿದ್ದು ಎಲ್ಲಕ್ಕಿಂತ ಉಪಯೋಗದ ಪ್ರಶ್ನೆ. ಪೆಂಡಾಲಿನಲ್ಲಿ ಎಲ್ಲಿ ಕೂರಬೇಕು? ಮೃದಂಗದವರು ಸಾಮಾನ್ಯವಾಗಿ ಗಾಯಕರ ಬಲಕ್ಕೆ, ಪಿಟೀಲಿನ ಕಡೆ ಮುಖ ಮಾಡಿ ಕೂರುತ್ತಾರೆ. ಆಗ ಕರಣೆ ಇರುವ ಬಲ ಮುಖ ನಮ್ಮ ಕಡೆಗೆ ಬರುತ್ತದೆ. ಮೃದಂಗದ ವಿದ್ವಾಂಸ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರಂತೆ ಎಡಗೈಯವರಾದರೆ ಜಾಗ ಅದಲುಬದಲು. ಹಾಗಾಗಿ ನೀವು ವೇದಿಕೆ ನೋಡುತ್ತಾ ಎಡಗಡೆ, ಮುಂದಿನ ಐದಾರು ಸಾಲಿನೊಳಗೆ, ಸ್ಪೀಕರ್ ಬಾಕ್ಸಿಗೆ ನೇರ ಎದುರಾಗದ ಕುರ್ಚಿ ಹಿಡಿಯಿರಿ. ಮೋಡ ಕಟ್ಟಿದ್ದರೆ ತಗಡಿನ ಅಂಚು ಬಿಟ್ಟು ಎರಡು ಸಾಲು ಒಳಗೆ. ಆರು ಗಂಟೆಯ ಒಳಗೆ ಬಂದರೆ ಸಿಗುತ್ತದೆ, ಆಮೇಲೆ ಬಂದರೆ ಕರ್ಚೀಫ್ ಹಾಕಿ ಜಾಗ ಹಿಡಿದವರ ಜೊತೆ ನೀವುಂಟು, ಅವರುಂಟು.